ಔಷಧಿ ಹೊಡೆದರೂ ಹುಳ ಮತ್ತೆ ಬರೋದ್ಯಾಕೆ? ಒಂದು ಲೆಕ್ಕ ಹಾಕಿ ನೋಡಿ

ಶಿಕಾರಿಪುರ, ಸೊರಬ ಕಡೆಯ ಮೆಕ್ಕೆಜೋಳ ಬೆಳೆಗಾರರು ನನ್ನನ್ನು ಪದೇಪದೇ ಕೇಳೋದು ಒಂದೇ: "ಔಷಧಿ ಹೊಡೆದ ವಾರ ಹುಳ ಕಡಿಮೆ ಆಗ್ತದೆ. ತಿಂಗಳು ಕಳೆದ್ರೆ ಮೊದಲಿಗಿಂತ ಜಾಸ್ತಿ. ಯಾಕೆ ಸಾರ್?"

ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗದಲ್ಲಿ, 2018ರಲ್ಲಿ. ಅದರ ಏರಿಳಿತ ಅರ್ಥ ಮಾಡಿಕೊಳ್ಳಲು ಗಣಿತ ಮಾದರಿ ಒಳ್ಳೆಯ ದಾರಿ. ಹೆಸರು ಕೇಳಿ ಹೆದರಬೇಡಿ. ಈ ವಾರದ ಲೆಕ್ಕದಿಂದ ಮುಂದಿನ ವಾರದ ಲೆಕ್ಕ ತೆಗೆಯೋದು, ಅಷ್ಟೇ. ಒಂದು ನೋಟ್‌ಬುಕ್ ಸಾಕು.

ಹೊಲದಲ್ಲಿ 1,000 ಹುಳ, ಅವನ್ನು ತಿನ್ನುವ 100 ಮಿತ್ರಕೀಟ ಇವೆ ಅಂದುಕೊಳ್ಳಿ. (ಕಲಿಯಲೆಂದು ನಾನೇ ಇಟ್ಟ ಅಂಕಿಗಳಿವು, ಹೊಲದಲ್ಲಿ ಎಣಿಸಿದ್ದಲ್ಲ.) ಹುಳ ವಾರಕ್ಕೆ ಒಂದೂವರೆ ಪಟ್ಟಾಗುತ್ತದೆ. ಹುಳದ ಸಂಖ್ಯೆಯನ್ನು ಮಿತ್ರಕೀಟದ ಸಂಖ್ಯೆಯಿಂದ ಗುಣಿಸಿ 200ರಿಂದ ಭಾಗಿಸಿದಷ್ಟು ಹುಳ ಆ ವಾರ ತಿನ್ನಿಸಿಕೊಳ್ಳುತ್ತವೆ. ಮಿತ್ರಕೀಟದಲ್ಲಿ ಅರ್ಧ ಸಾಯುತ್ತವೆ. ತಿಂದ ಪ್ರತಿ 10 ಹುಳಕ್ಕೆ ಒಂದು ಹೊಸದು ಹುಟ್ಟುತ್ತದೆ. ಲೆಕ್ಕ ಮಾಡಿ: 1,500ರಲ್ಲಿ 500 ಹೋಗಿ ಮತ್ತೆ 1,000. ಮಿತ್ರಕೀಟ 50 ಸತ್ತು 50 ಹುಟ್ಟಿ ಮತ್ತೆ 100. ತಕ್ಕಡಿ ಸಮ.

ಈಗ ಎರಡನ್ನೂ ನೂರಕ್ಕೆ 80ರಷ್ಟು ಕೊಲ್ಲುವ ಔಷಧಿ ಹೊಡೀರಿ. ಉಳಿದದ್ದು 200 ಹುಳ, 20 ಮಿತ್ರಕೀಟ. ಮುಂದಿನ ವಾರ 280 ಮತ್ತು 12. ಆಮೇಲೆ ಹುಳ 403, 589, 868. ಐದನೇ ವಾರಕ್ಕೆ ಸುಮಾರು 1,280. ಮಿತ್ರಕೀಟ ನಾಲ್ಕಕ್ಕೆ ಇಳಿದಿರುತ್ತದೆ. ಅದೇ, ಹುಳವನ್ನಷ್ಟೇ ಕೊಂದು 100 ಮಿತ್ರಕೀಟ ಉಳಿಸಿದ್ದರೆ? ಐದನೇ ವಾರ ಹುಳ ಸುಮಾರು 630. ಅರ್ಧಕ್ಕರ್ಧ!

ಇಟಲಿಯ ಗಣಿತಜ್ಞ ವಿಟೊ ವೊಲ್ಟೆರಾ 1926ರಲ್ಲಿ ಮೀನಿನ ಲೆಕ್ಕದಲ್ಲಿ ಕಂಡದ್ದೂ ಇದನ್ನೇ. ಮೊದಲ ಮಹಾಯುದ್ಧದಲ್ಲಿ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಇಳಿದಾಗ, ಬೇರೆ ಮೀನು ತಿನ್ನುವ ಮೀನುಗಳ ಪಾಲು ಏರಿತ್ತು. ತಿನ್ನುವವರನ್ನೂ ತಿನ್ನಿಸಿಕೊಳ್ಳುವವರನ್ನೂ ಒಟ್ಟಿಗೆ ಹಿಡಿಯುತ್ತಿದ್ದರೆ ಲಾಭ ತಿನ್ನಿಸಿಕೊಳ್ಳುವವರಿಗೆ.

ಮಳೆ, ಹೊರಗಿನಿಂದ ಹಾರಿಬರುವ ಪತಂಗ, ಬೆಳೆಯ ವಯಸ್ಸು ಈ ಲೆಕ್ಕದಲ್ಲಿಲ್ಲ. ಹಾಗಾಗಿ 1,280 ಅನ್ನೋದನ್ನು ಭವಿಷ್ಯ ಅಂತ ತಗೋಬೇಡಿ, ದಿಕ್ಕನ್ನು ನೋಡಿ. ನಿಮ್ಮದೇ ಅಂಕಿ ಬೇಕಂದ್ರೆ ವಾರಕ್ಕೊಮ್ಮೆ ಹೊಲದ ಐದು ಕಡೆ 20ರಂತೆ 100 ಗಿಡಗಳ ಸುಳಿ ಬಿಡಿಸಿ ಹುಳ ಎಣಿಸಿ. ಜೊತೆಗೆ, ಬಾಲದಲ್ಲಿ ಚಿಮಟದಂಥ ಕೊಂಡಿ ಇರುವ ಕಂದು ಹುಳವನ್ನೂ ಎಣಿಸಿ, ಕೊಲ್ಲಬೇಡಿ. ಅದು ಸೈನಿಕ ಹುಳುವಿನ ಮೊಟ್ಟೆ, ಸಣ್ಣ ಮರಿ ತಿನ್ನುತ್ತದೆ. ಮರಿ ಸಣ್ಣದಿರುವಾಗಲೇ ಶೇ. 5ರ ಬೇವಿನ ಬೀಜದ ಕಷಾಯ ಸುಳಿಯೊಳಗೆ ಬೀಳುವಂತೆ, ಸಂಜೆ ಹೊತ್ತು ಸಿಂಪಡಿಸಿ. ಹುಳ ದೊಡ್ಡದಾಗಿ ಸುಳಿಯಲ್ಲಿ ಲದ್ದಿ ತುಂಬಿಕೊಂಡ ಮೇಲೆ ಯಾವ ಔಷಧಿಯೂ ಒಳಗೆ ಸರಿಯಾಗಿ ಇಳಿಯಲ್ಲ.