ಡೇರೆಯೊಳಗೆ ಮಳೆ ಬಂದದ್ದು ಎಲ್ಲಿಂದ?

ಮಕ್ಕಳೇ, ಕಳೆದ ಡಿಸೆಂಬರ್ ರಜೆಯಲ್ಲಿ ರಾಣಿಪುರಂ ಕಡೆಯ ಪರಿಚಯದವರ ತೋಟದಲ್ಲಿ ಹೊಸ ಡೇರೆ ಹಾಕಿ ನಾವು ನಾಲ್ಕು ಜನ ಒಂದು ರಾತ್ರಿ ಮಲಗಿದ್ದೆವು. ಚಳಿ ಅಂತ ಜಿಪ್ಪುಗಳನ್ನೆಲ್ಲ ಎಳೆದು ಭದ್ರ ಮಾಡಿದವನು ನಾನೇ. ಬೆಳಗಿನ ಜಾವ ಮಗ ಎಬ್ಬಿಸಿದ: "ಅಪ್ಪಾ, ಡೇರೆ ಸೋರ್ತಾ ಉಂಟು!" ಹೌದು, ಹೊದಿಕೆ ಒದ್ದೆ, ಮೇಲಿನಿಂದ ಹನಿ. ಅಂಗಡಿಯವರನ್ನು ಮನಸ್ಸಲ್ಲೇ ಬೈದುಕೊಂಡು ಹೊರಗೆ ಬಂದರೆ ಆಕಾಶದ ತುಂಬ ನಕ್ಷತ್ರ. ಮಳೆಯೇ ಬಂದಿರಲಿಲ್ಲ.

ಆ ನೀರು ನಮ್ಮದೇ! ದೊಡ್ಡವರೊಬ್ಬರ ಉಸಿರು ಮತ್ತು ಚರ್ಮದಿಂದ ಎಂಟು ಗಂಟೆಗಳಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತದೆ. ಒಂದು ಘನ ಮೀಟರ್ ಜಾಗದ ಗಾಳಿಯಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಇರಬಲ್ಲದು. 15 ಡಿಗ್ರಿಗೆ ಇಳಿದರೆ 13 ಗ್ರಾಂ ಮಾತ್ರ. ಒಳಗಿನ ಬೆಚ್ಚನೆಯ ಗಾಳಿ ತಣ್ಣಗಿನ ಬಟ್ಟೆಗೆ ತಗಲಿದಾಗ ಹೆಚ್ಚಿನ ಆವಿ ಹನಿಯಾಗುತ್ತದೆ. ಇದೇ ಸಾಂದ್ರೀಕರಣ. ರಾತ್ರಿ ಅಂಗಳದ ಅಡಿಕೆಗೆ ಟರ್ಪಾಲು ಮುಚ್ಚಿ ಬೆಳಿಗ್ಗೆ ತೆಗೆದವರು ಅದರ ಒಳಬದಿಯಲ್ಲಿ ಇಂಥದೇ ಹನಿಗಳನ್ನು ನೋಡಿರುತ್ತೀರಿ.

ಹಾಗಾಗಿ ಡೇರೆ ಕೊಳ್ಳುವಾಗ "ನೀರು ಒಳಗೆ ಬರುತ್ತದಾ?" ಎಂದಷ್ಟೇ ಕೇಳಿದರೆ ಸಾಲದು, ಆವಿ ಹೊರಗೆ ಹೋಗುತ್ತದಾ ಅಂತಲೂ ನೋಡಬೇಕು. ನಮ್ಮದು ಒಂದೇ ಪದರದ್ದು. ಎರಡು ಪದರದ್ದಾದರೆ ಒಳಗಿನದು ಬಲೆ ಅಥವಾ ಗಾಳಿಯಾಡುವ ಬಟ್ಟೆ, ಹೊರಗಿನದು ನೀರು ತಡೆಯುವಂಥದ್ದು. ಹನಿ ಹೊರಪದರದಲ್ಲಿ ಕಟ್ಟಿ ಜಾರಿ ಕೆಳಗಿಳಿಯುತ್ತದೆ, ಮಲಗಿದವರ ಮೇಲೆ ಬೀಳುವುದು ಕಡಿಮೆ. ಬೆಚ್ಚನೆಯ ಗಾಳಿ ಮೇಲೇರುವುದರಿಂದ ಮೇಲ್ಗಡೆ ಕಿಂಡಿ ಇರಲೇಬೇಕು. ಚಳಿಯಾದರೂ ಅದನ್ನು ಮುಚ್ಚಬಾರದು. ಡೇರೆಯೊಳಗೆ ಸ್ಟವ್, ಕೆಂಡ ಎಂದೂ ಬೇಡ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಲೇಬಲಿನಲ್ಲಿ '3000 ಮಿ.ಮೀ.' ಅಂತ ಇದ್ದರೆ ಅದು ಮಳೆಯ ಅಳತೆಯಲ್ಲ. ಬಟ್ಟೆಯ ಮೇಲೆ 3 ಮೀಟರ್ ಎತ್ತರದ ನೀರಿನ ಕಂಬ ನಿಂತರೂ ತಡೆಯುತ್ತದೆ ಎಂದರ್ಥ. ಒತ್ತಡ: 3 × 1000 × 9.8 = 29,400 ಪಾಸ್ಕಲ್. ಈಗ 50 ಕೆ.ಜಿ. ತೂಕದವರು ನೆಲದ ಬಟ್ಟೆಯ ಮೇಲೆ ಮಂಡಿಯೂರಿ ಕೂತರು, ಪೂರ್ತಿ ಭಾರ ಮಂಡಿಗಳ ಮೇಲೆ, ಎರಡೂ ಮಂಡಿ ಸೇರಿ 100 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. 490 ನ್ಯೂಟನ್ ÷ 0.01 ಚದರ ಮೀಟರ್ = 49,000 ಪಾಸ್ಕಲ್! ಒದ್ದೆ ನೆಲವಾದರೆ ನೀರು ಮೇಲೆ ಒಸರಬಹುದು. ಅದಕ್ಕೇ ನೆಲದ ಬಟ್ಟೆಗೆ 5000 ಅಥವಾ ಹೆಚ್ಚು ಇರುವುದು ಒಳ್ಳೆಯದು.

'ನಾಲ್ಕು ಜನರಿಗೆ' ಎಂಬ ಮಾತನ್ನು ನಂಬಬೇಡಿ, ಅಗಲ ಅಳೆಯಿರಿ. ಒಬ್ಬರಿಗೆ ಸುಮಾರು 60 ಸೆಂ.ಮೀ. ಲೆಕ್ಕ, ಚೀಲಗಳಿಗೆ ಜಾಗವೇ ಇಲ್ಲ.

ಮನೆಯಲ್ಲಿ ಮಾಡಿ: ಒಂದು ಕೈಗೆ ಪ್ಲಾಸ್ಟಿಕ್ ಚೀಲ, ಇನ್ನೊಂದಕ್ಕೆ ಹತ್ತಿಬಟ್ಟೆಯ ಚೀಲ ಹಾಕಿ ಮಣಿಕಟ್ಟಿನಲ್ಲಿ ಸಡಿಲವಾಗಿ ಕಟ್ಟಿ. (ಪ್ಲಾಸ್ಟಿಕ್ ಚೀಲವನ್ನು ತಲೆಗೆ, ಮುಖಕ್ಕೆ ಮಾತ್ರ ಹಾಕಲೇಬಾರದು.) ಹದಿನೈದು ನಿಮಿಷ ಬಿಟ್ಟು ಬಿಚ್ಚಿ. ಯಾವ ಕೈ ಒದ್ದೆ? ಪ್ಲಾಸ್ಟಿಕ್ಕಿಗೆ ಎರಡು ತೂತು ಮಾಡಿ ಮತ್ತೊಮ್ಮೆ ನೋಡಿ, ವ್ಯತ್ಯಾಸವನ್ನು ವಿಜ್ಞಾನ ಪುಸ್ತಕದಲ್ಲಿ ಬರೆದಿಡಿ.