ಇಬ್ಬರೇ ಉಳಿದ ಮನೆಯ ಬೇಸಾಯ

ಮಕ್ಕಳು ಓದಿ ನೌಕರಿ ಹಿಡಿದು ಪಟ್ಟಣ ಸೇರುವುದು, ಹೆಣ್ಣುಮಕ್ಕಳು ಮದುವೆಯಾಗಿ ಹೋಗುವುದು ಯಾವ ತಂದೆತಾಯಿಗೂ ಸಂತೋಷದ ವಿಷಯವೇ. ಆದರೆ ಮಕ್ಕಳು ಹೊರಟ ಮೇಲೂ ಬೇಸಾಯ ಮಾತ್ರ ಮನೆತುಂಬ ಜನರಿದ್ದ ಕಾಲದ ಅಳತೆಯಲ್ಲೇ ಉಳಿದುಬಿಡುತ್ತದೆ. ಅದೇ ನಾಲ್ಕು ಎಕರೆ ರಾಗಿ, ಅದೇ ಎರಡು ಮಿಶ್ರತಳಿ ಹಸು. ದುಡಿಯುವ ಕೈಗಳು ನಾಲ್ಕು, ಅವೂ ಅರವತ್ತು ದಾಟಿದವು. ಮಗ ಬಂದು ಕೈಹಾಕುತ್ತಾನೆಂಬ ನೆಚ್ಚಿಕೆಯಲ್ಲಿ ವರ್ಷಗಳು ಕಳೆಯುತ್ತವೆ, ಅಷ್ಟರಲ್ಲಿ ಮಂಡಿ ಸೊಂಟಗಳು ಸೋತಿರುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಕೆಂಪುಮಣ್ಣಿನ ಖುಷ್ಕಿ ಜಮೀನನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂತಹ ದಂಪತಿಗಳು ಹಿಡುವಳಿಯನ್ನು ತಮ್ಮ ಶಕ್ತಿಗೆ ಹೊಂದಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಲೆಕ್ಕ ಹಾಕಿರಿ. ಇಬ್ಬರಿಗೆ ದಿನಕ್ಕೆ ಅರ್ಧ ಕಿಲೋ ರಾಗಿಯೆಂದರೂ ವರ್ಷಕ್ಕೆ ಎರಡು ಕ್ವಿಂಟಾಲು ಬೇಕಾಗುವುದಿಲ್ಲ. ಸಾಧಾರಣ ಮಳೆಯಲ್ಲಿ ಒಳ್ಳೆಯ ಬೇಸಾಯದಿಂದ ಎಕರೆಗೆ 8 ರಿಂದ 10 ಕ್ವಿಂಟಾಲು ಬರುತ್ತದೆ. ಮಕ್ಕಳ ಮನೆಗಳಿಗೆ ಒಂದೆರಡು ಮೂಟೆ ಕಳಿಸಿ, ಬೀಜಕ್ಕಿಟ್ಟು, ಒಂದು ಹಸುವಿಗೆ ಹುಲ್ಲು ಒಟ್ಟಿಕೊಳ್ಳಲು ಒಂದೆಕರೆ ಸಾಕು. ಉಳಿದ ಮೂರು ಎಕರೆಯ ರಾಗಿ ಯಾರಿಗಾಗಿ? ಬಿತ್ತನೆ, ಕಳೆ, ಕೊಯ್ಲು ಮೂರಕ್ಕೂ ಒಟ್ಟಿಗೆ ಜನ ಬೇಕು. ಹದ ಮಳೆಯಾದ ಕೆಲವೇ ದಿನಗಳಲ್ಲಿ ಬಿತ್ತನೆ ಮುಗಿಯಬೇಕು. ಪಟ್ಟಣದ ಕಚೇರಿಯ ರಜೆ ಮಳೆಯನ್ನು ಕೇಳಿಕೊಂಡು ಸಿಗುವುದಿಲ್ಲ, ಮಗನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಉಳಿಸಿಕೊಂಡ ಒಂದೆಕರೆಯಲ್ಲಿ ಸಾಲಿನಿಂದ ಸಾಲಿಗೆ ಒಂದಡಿ ಬಿಟ್ಟು ಕೂರಿಗೆಯಿಂದ ಬಿತ್ತಿರಿ. ಎಡೆಕುಂಟೆ ಹೊಡೆಯಬಹುದು, ಕುಕ್ಕರುಗಾಲಲ್ಲಿ ಕುಳಿತು ಕಳೆ ಕೀಳುವ ಕೆಲಸ ಬಹಳಷ್ಟು ತಗ್ಗುತ್ತದೆ, ಆ ಕೆಲಸ ಸಾಮಾನ್ಯವಾಗಿ ಹೆಂಗಸರ ಪಾಲಿನದು.

ಬಿಡುವಾದ ನೆಲದಲ್ಲಿ ಮರ ಬೆಳೆಸುವುದು ಲೇಸು. ಮಾವಿನ ಕಸಿಗಿಡಗಳನ್ನು 10 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ 40 ಗಿಡ ಹಿಡಿಯುತ್ತವೆ, ನಾಲ್ಕೈದು ವರ್ಷಕ್ಕೆ ಫಸಲು ಕಾಣುತ್ತದೆ. ಅಲ್ಲಿಯವರೆಗೆ ನಡುವೆ ಹುರುಳಿ, ಅವರೆ ಹಾಕಬಹುದು. ಮೊದಲ ಎರಡು ಬೇಸಿಗೆ ನೀರು ಹೊರುವ ಕಷ್ಟ ಇದ್ದೇ ಇದೆ. ಆದ್ದರಿಂದ ಒಂದೇ ವರ್ಷ ಮೂರೆಕರೆಗೂ ನೆಡದೆ, ಮೈಯಲ್ಲಿ ಕಸುವಿರುವಾಗಲೇ, ಅಂದರೆ ಕಿರಿಯ ಮಗ ಕಾಲೇಜಿನಲ್ಲಿರುವಾಗಲೇ ಸ್ವಲ್ಪ ಸ್ವಲ್ಪವಾಗಿ ಆರಂಭಿಸಿರಿ. ಮರದ ಮೇಲಿನ ಫಸಲನ್ನೇ ವ್ಯಾಪಾರಿಗೆ ಮಾರುವ ಪದ್ಧತಿ ಶ್ರೀನಿವಾಸಪುರದ ಕಡೆ ರೂಢಿಯಲ್ಲಿದೆ, ವಯಸ್ಸಾದವರು ಮರ ಹತ್ತಬೇಕಾಗಿಲ್ಲ. ಆದರೆ 2025ರಲ್ಲಿ ತೋತಾಪುರಿಯ ಬೆಲೆ ಬಿದ್ದದ್ದನ್ನು ಮರೆಯಬಾರದು. ಒಂದೇ ತಳಿಯನ್ನು ನೆಚ್ಚದೆ ಹುಣಸೆಯನ್ನೂ, ಬದುವಿನ ಮೇಲೆ ಸಿಲ್ವರ್ ಓಕನ್ನೂ ಸೇರಿಸಿಕೊಳ್ಳಿರಿ. ಜಮೀನನ್ನು ಗೇಣಿಗೆ ಕೊಟ್ಟು ಕುಳಿತುಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಊರಲ್ಲಿ ಬಾಯಿಮಾತಿನ ಕೋರು ನಡೆಯುತ್ತದೆ ನಿಜ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಅದಕ್ಕೆ ಕಾನೂನಿನ ಆಸರೆಯಿಲ್ಲ.

ಹಸುವಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಎರಡಿದ್ದರೆ ಒಂದನ್ನು ಕೊಟ್ಟುಬಿಡಿ. ಮಗಳ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರಲು ಸಾಧ್ಯವಾಗುವುದು ಒಂದನ್ನು ನೆರೆಯವರು ನೋಡಿಕೊಳ್ಳಬಲ್ಲರು ಎಂಬುದರಿಂದಲೇ.

ಇನ್ನು ದೇಹದ ಮಾತು. ನೀರು ತುಂಬಿದ 16 ಲೀಟರಿನ ಸಿಂಪರಣಾ ಯಂತ್ರ ಬೆನ್ನ ಮೇಲೆ 20 ಕಿಲೋ ತೂಗುತ್ತದೆ. ಅರವತ್ತರ ಮೇಲೆ ಅದನ್ನು ಹೊರತಕ್ಕದ್ದಲ್ಲ. ಔಷಧಿ ಹೊಡೆಯಲೇಬೇಕಾದರೆ ಕೂಲಿ ಕೊಡಿ. ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗುತ್ತದೆ, ಹೊಲಕ್ಕೆ ಮಣ್ಣು ಪರೀಕ್ಷೆ ಮಾಡಿಸುವ ನಾವು ಇದನ್ನೇಕೆ ಮುಂದೂಡಬೇಕು? ಮನೆಯಾಕೆಯ ಊಟವನ್ನು ಯಜಮಾನರು ಗಮನಿಸಬೇಕು. ಮಕ್ಕಳಿದ್ದಾಗ ನಾಲ್ಕು ಬಗೆ ಮಾಡುತ್ತಿದ್ದ ಕೈ, ಇಬ್ಬರೇ ಆದಾಗ ಒಂದು ಸಾರು ಕಾಯಿಸಿ ಎರಡು ದಿನ ಬಳಸುತ್ತದೆ. ಮೊದಲು ಕಡಿಮೆಯಾಗುವುದು ಸೊಪ್ಪು, ಕಾಳು, ಹಾಲು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನಷ್ಟು ಸುಣ್ಣದ ಅಂಶವಿದೆ, ಆದ್ದರಿಂದ ಅನ್ನಕ್ಕೆ ತಿರುಗಿ ಮುದ್ದೆ ಬಿಡಬೇಡಿ. ಹಿತ್ತಲಲ್ಲಿ ಒಂದು ನುಗ್ಗೆ, ಎರಡು ಪರಂಗಿ, ಒಂದು ಬಸಳೆ ಚಪ್ಪರವಿದ್ದರೆ ಪೇಟೆಯ ತರಕಾರಿಗೆ ಕಾಯಬೇಕಿಲ್ಲ. ಮನೆ ಬಿಕೋ ಎನ್ನುವುದು ತಾಯಿಗೇ ಹೆಚ್ಚು ತಟ್ಟುತ್ತದೆ. ಹಾಲಿನ ಡೇರಿ, ಸ್ವಸಹಾಯ ಸಂಘ, ಭಜನೆ, ಯಾವುದಾದರೂ ಒಂದಕ್ಕೆ ಆಕೆ ವಾರಕ್ಕೊಮ್ಮೆಯಾದರೂ ಮನೆಯಿಂದ ಹೊರಡುವಂತಿರಬೇಕು.

ಕೊನೆಯದಾಗಿ ಪಹಣಿಯ ವಿಚಾರ. ಮಗನಿಗೆ ಪಟ್ಟಣದಲ್ಲಿ ಮನೆ ಕಟ್ಟಲು ಹಣ ಬೇಕೆಂದು ಜಮೀನನ್ನೆಲ್ಲ ಬರೆದುಕೊಡುವ ಅವಸರ ಬೇಡ. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ವಿಭಾಗ ಮಾಡುವಾಗ ತಂದೆತಾಯಿ ತಮ್ಮ ಪಾಲನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಬೇಕು. ಸ್ವಯಾರ್ಜಿತವನ್ನು ದಾನಪತ್ರದಿಂದ ಕೊಡುವುದಾದರೆ, ಪಡೆದವರು ನಮ್ಮ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. ತಂದೆತಾಯಿ ಹಾಗೂ ಹಿರಿಯ ನಾಗರಿಕರ 2007ರ ಕಾಯಿದೆಯ 23ನೇ ಕಲಮಿನಂತೆ, ಷರತ್ತು ಮುರಿದಾಗ ಅಂತಹ ಪತ್ರವನ್ನು ರದ್ದುಪಡಿಸಲು ಕೇಳಬಹುದು. ಬಾಯಿಮಾತಿನ ಷರತ್ತನ್ನು ಸಾಬೀತುಪಡಿಸುವುದು ಕಷ್ಟ. ಅರ್ಜಿಯನ್ನು ಉಪವಿಭಾಗಾಧಿಕಾರಿಯವರ ಮುಂದೆ ಸಲ್ಲಿಸಬೇಕು. ಪತ್ರದ ನಕಲನ್ನು, ಹೊಸ ಪಹಣಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿರಿ, ಮಗನ ಬೀರುವಿನಲ್ಲಿ ಬೇಡ. ಈ ಮಾತನ್ನು ಹಬ್ಬಕ್ಕೆ ಎಲ್ಲ ಮಕ್ಕಳೂ ಬಂದಿರುವಾಗ, ಅಳಿಯ ಸೊಸೆಯರ ಎದುರಿನಲ್ಲೇ ಆಡುವುದು ಒಳ್ಳೆಯದು.