ಆ ರಾತ್ರಿ ನಾನು ಕಳಿಸಿದ ಹೆಬ್ಬೆರಳು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಲು ಆ ಹುಡುಗನ ಒಪ್ಪಿಗೆ ಇದೆ. ಕರಡು ಓದಿ ಎರಡು ಕಡೆ ಗೀಟು ಹಾಕಿ ವಾಪಸ್ ಕೊಟ್ಟ. ಒಂದು, ಅವನ ಊರಿನ ಹೆಸರು. ಇನ್ನೊಂದು, ನಾನು ‘ಪಾಪದ ಹುಡುಗ’ ಎಂದು ಬರೆದಿದ್ದ ಜಾಗ. ಎರಡನ್ನೂ ತೆಗೆದಿದ್ದೇನೆ. ನನ್ನನ್ನು ನಾನೇ ಬೈದುಕೊಂಡ ಸಾಲುಗಳನ್ನು ಮಾತ್ರ ಅವನು ಮುಟ್ಟಲಿಲ್ಲ.

2024ರ ಡಿಸೆಂಬರ್. ಬೆಳಿಗ್ಗೆ ಹಾಜರಾತಿ ಶಾರ್ಟೇಜ್ ಲಿಸ್ಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಬಂದಿದ್ದೆ. ರಾತ್ರಿ ಹತ್ತೂ ಮುಕ್ಕಾಲಿಗೆ ಊಟಕ್ಕೆ ಕೂತಿದ್ದಾಗ ವಾಟ್ಸಾಪ್‌ನಲ್ಲಿ ಒಂದು ಮೆಸೇಜು ಬಂತು. ‘ಸರ್ ಲೈಬ್ರರಿ ಬುಕ್ಸ್ ಎಲ್ಲಾ ಬ್ಯಾಗಲ್ಲಿ ಇಟ್ಟಿದೀನಿ. ನಿಮ್ಮ ಕ್ಯಾಲ್ಕುಲೇಟರ್ ಕೂಡ ಅದರಲ್ಲೇ ಇದೆ. ತೊಂದ್ರೆ ಕೊಟ್ಟಿದ್ದಕ್ಕೆ ಸಾರಿ ಸರ್. ಥ್ಯಾಂಕ್ಸ್.’ ಬಲಗೈ ಸಾರನ್ನದಲ್ಲಿತ್ತು. ಎಡಗೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಆ ಹಳದಿ ಹೆಬ್ಬೆರಳು ಇವತ್ತಿಗೂ ನನ್ನ ಫೋನಿನಲ್ಲಿದೆ, ಅಳಿಸಿಲ್ಲ.

‘ಯಾರು ರೀ ಅದು?’ ಎಂದಳು ಹೆಂಡತಿ.

‘ಸ್ಟೂಡೆಂಟು. ಪುಸ್ತಕ ವಾಪಸ್ ಕೊಡ್ತಾನಂತೆ.’

‘ಇಷ್ಟು ಹೊತ್ತಲ್ಲಿ ಯಾರಾದ್ರೂ ಪುಸ್ತಕದ ಲೆಕ್ಕ ಒಪ್ಪಿಸ್ತಾರಾ?’

ನಾನು ಹದಿನೆಂಟು ವರ್ಷದಿಂದ ಎಂಜಿನಿಯರಿಂಗ್ ಹುಡುಗರಿಗೆ ಗಣಿತ ಹೇಳಿಕೊಡುವವನು, ಇಪ್ಪತ್ತು ಮಕ್ಕಳ ಮೆಂಟರ್. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಆರ್‌ಡಿ ಕಟ್ಟಿಸಿಕೊಳ್ಳುವವಳು. ಅರ್ಥವಾಗಿದ್ದು ಅವಳಿಗೆ. ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ, ಕಟ್ ಮಾಡಿದ. ಮೂರನೇ ಸಲಕ್ಕೆ ಸ್ವಿಚ್ಡ್ ಆಫ್. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನವೆಂಬರಿನಲ್ಲಿ ಅವನು ನನ್ನ ಸ್ಟಾಫ್ ರೂಮಿಗೆ ಬಂದಿದ್ದ. ನಮ್ಮಲ್ಲಿ 85 ಪರ್ಸೆಂಟ್ ಹಾಜರಾತಿ ಬೇಕು. ಅವನದು ನನ್ನ ಸಬ್ಜೆಕ್ಟ್‌ನಲ್ಲಿ ಐವತ್ತೆಂಟು, ಇನ್ನೂ ಮೂರರಲ್ಲಿ ಹೆಚ್ಚುಕಮ್ಮಿ ಅಷ್ಟೇ. ‘ಅಪ್ಪನ್ನ ಕರ್ಕೊಂಡು ಬಾ’ ಎಂದೆ. ‘ಅಪ್ಪ ಲೈನ್ ಮೇಲಿದಾರೆ ಸರ್’ ಎಂದ. ಲಾರಿ ಓಡಿಸುವವರ ಮನೆಯಲ್ಲಿ ಹಾಗೆ ಹೇಳುತ್ತಾರೆ, ಗಾಡಿ ಮೇಲೆ ಹೊರರಾಜ್ಯಕ್ಕೆ ಹೋಗಿದ್ದಾರೆ ಅಂತ. ನನಗೆ ಅದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಏನೋ ನೆಪ ಅಂದುಕೊಂಡೆ. ಮೆಂಟರ್ ಡೈರಿಯಲ್ಲಿ ‘ಸಲಹೆ ನೀಡಲಾಗಿದೆ’ ಎಂದು ಬರೆದು, ಅವನ ಸಹಿ ಹಾಕಿಸಿ, ಕಳಿಸಿದೆ. ಆ ಡೈರಿಯ ಇಪ್ಪತ್ತು ಪುಟದಲ್ಲೂ ಅದೇ ಎರಡು ಪದ ಇದೆ.

ಇನ್ನೂ ನಾಚಿಕೆಗೇಡಿನ ಸಂಗತಿ ಒಂದಿದೆ. ಸೆಪ್ಟೆಂಬರ್ 10, ಆತ್ಮಹತ್ಯೆ ತಡೆ ದಿನದಂದು ಕಾಲೇಜಿನ ಸಭಾಂಗಣದಲ್ಲಿ ಪಿಪಿಟಿ ತೋರಿಸಿ ಭಾಷಣ ಮಾಡಿದವನು ನಾನೇ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಜೀವ ಕಳೆದುಕೊಂಡರು ಎಂಬ ಅಪರಾಧ ದಾಖಲೆಗಳ ಬ್ಯೂರೋ ಅಂಕಿಯನ್ನು ಕೆಂಪಕ್ಷರದಲ್ಲಿ ಹಾಕಿದ್ದೆ. ಹುಡುಗ ಎರಡನೇ ಸಾಲಿನಲ್ಲಿ ಕೂತಿದ್ದನಂತೆ. ಆ ಕಾರ್ಯಕ್ರಮಕ್ಕೂ ಹಾಜರಾತಿ ಇತ್ತು ನೋಡಿ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಅವನಿದ್ದ ಪಿಜಿ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹನ್ನೆರಡು ನಿಮಿಷ. ಮೂರನೇ ಮಹಡಿಯ ಕೊನೆಯ ರೂಮು. ರೂಮ್‌ಮೇಟುಗಳಿಬ್ಬರೂ ಊರಿಗೆ ಹೋಗಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕ. ಕೆಳಗಿನ ಸಂದಿಯಲ್ಲಿ ಟ್ಯೂಬ್‌ಲೈಟಿನ ಬೆಳಕು. ಹೆಸರು ಹಿಡಿದು ಕರೆದೆ. ಒಳಗೆ ಕಬ್ಬಿಣದ ಮಂಚ ಕಿರ್ ಎಂದಿತು. ಆ ಸದ್ದು ಕೇಳಿ ನನ್ನ ಮಂಡಿ ಕುಸಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮೊದಲ ಹತ್ತು ನಿಮಿಷ ನಾನಾಡಿದ ಮಾತನ್ನು ಯಾರೂ ಆಡಬೇಡಿ. ‘ಒಂದು ವರ್ಷ ಹೋದ್ರೆ ಏನಾಯ್ತೋ?’ ಎಂದೆ. ‘ಎಂಥೆಂಥೋರು ಎಂಥೆಂಥ ಕಷ್ಟ ದಾಟಿ ಬಂದಿದಾರೆ’ ಎಂದೆ. ‘ಅಪ್ಪ ಅಮ್ಮನ ಮುಖ ನೆನೆಸ್ಕೊ’ ಎಂದೆ. ಒಳಗಿನಿಂದ ಉಸಿರಿಲ್ಲ. ತಿಂಗಳುಗಳಾದ ಮೇಲೆ ಅವನೇ ಹೇಳಿದ: ‘ಅಪ್ಪ ಅಮ್ಮ ಅಂದಾಗ ಇನ್ನೂ ಜಾಸ್ತಿ ಆಯ್ತು ಸರ್. ಅವರಿಗೆ ಭಾರ ಆಗಿದೀನಿ ಅಂತಾನೇ ಅಲ್ವಾ ನಾನು ಅಲ್ಲಿ ಕೂತಿದ್ದಿದ್ದು.’

ಅಷ್ಟರಲ್ಲಿ ಪಿಜಿ ಮಾಲೀಕರು ಹಾರೆ ಹಿಡಿದು ಮೇಲೆ ಬಂದರು. ‘ಮೀಟಿಬಿಡಲಾ ಸರ್? ಬಾಗಿಲು ಮಾತ್ರ ಹೊಸದು’ ಎಂದರು. ಆ ಹೊತ್ತಿನಲ್ಲೂ ಬಾಗಿಲಿನ ಚಿಂತೆ ಮಾಡಿದರಲ್ಲ ಎಂದು ಸಿಟ್ಟು ಬಂದಿತ್ತು. ಆದರೆ ಒಂದೂವರೆ ಗಂಟೆ ಆ ಹಾರೆ ಹಿಡಿದು ನನ್ನ ಪಕ್ಕ ನಿಂತಿದ್ದವರೂ ಅವರೇ.

ಸಹಾಯವಾಣಿ ನಂಬರು ನೆನಪಿಗೆ ಬರಲಿಲ್ಲ. ಸ್ಲೈಡಿಗೆ ನಾನೇ ಟೈಪ್ ಮಾಡಿದ್ದೆ! ಮಾಲೀಕರ ಫೋನ್ ಇಸಿದುಕೊಂಡು ಕೈಯಲ್ಲಿಟ್ಟುಕೊಂಡು, ನನ್ನ ಫೋನಿನಲ್ಲಿ ಆ ಪಿಪಿಟಿ ತೆರೆದು ಒಂದೊಂದೇ ಸ್ಲೈಡು ಸರಿಸುತ್ತಾ ಹೋದೆ. ಸ್ವಾಗತ, ಗಣ್ಯರ ಫೋಟೊ, ಪೈ ಚಾರ್ಟು, ಸುಭಾಷಿತ. ಇಪ್ಪತ್ತೇಳನೇ ಸ್ಲೈಡಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಟೆಲಿ ಮನಸ್, 14416. ಈಗಲೇ ಹೇಳಿಬಿಡುತ್ತೇನೆ, ಇದು 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸೇವೆ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡ ಆರಿಸಿಕೊಳ್ಳಬಹುದು. ಈ ಸಾಲು ಓದಿದ ತಕ್ಷಣ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ, ಸ್ಲೈಡಿನಲ್ಲಿ ಹುಡುಕುವ ಗತಿ ಬೇಡ.

ಕರೆ ಮಾಡಿದಾಗ ಒಬ್ಬ ಹೆಣ್ಣುಮಗಳು ಮಾತಾಡಿದರು. ಗಾಬರಿಯಲ್ಲಿ ನಾನು ಹುಡುಗನ ಇಂಟರ್ನಲ್ಸ್ ಮಾರ್ಕ್ಸಿನಿಂದ ಶುರು ಮಾಡಿದ್ದೆ. ಅವರು ತಡೆದು ಕೇಳಿದರು: ‘ಸರ್, ಸಾಯಬೇಕು ಅನ್ನಿಸ್ತಿದೆಯಾ ಅಂತ ಅವರನ್ನೇ ಕೇಳಿದ್ರಾ?’ ಇಲ್ಲ. ಹೇಗೆ ಕೇಳುವುದು? ಇಲ್ಲದ್ದನ್ನು ತಲೆಗೆ ತುಂಬಿದ ಹಾಗಾಗುವುದಿಲ್ಲವೇ? ಆಗುವುದಿಲ್ಲ, ನೇರವಾಗಿ ಕೇಳಿ, ಕೇಳಿದ ಮೇಲೆ ನೀವು ಸುಮ್ಮನಿರಿ ಎಂದರು. ವಾದ ಮಾಡಬೇಡಿ. ಉತ್ತರ ಪೂರ್ತಿ ನಿಂತುಹೋದರೆ, ಅಥವಾ ಏನಾದರೂ ಮಾಡಿಕೊಳ್ಳುತ್ತಿದ್ದಾರೆ ಅನ್ನಿಸಿದರೆ ಬಾಗಿಲು ಒಡೆಯಿರಿ, 112ಕ್ಕೆ ಕರೆ ಮಾಡಿ. ಲೈನು ಕಟ್ ಮಾಡಬೇಡಿ, ನಾನು ಇರುತ್ತೇನೆ ಎಂದರು. ಇದ್ದರು.

ಕೇಳಿದೆ. ‘ಸತ್ತುಹೋಗಬೇಕು ಅನ್ನಿಸ್ತಿದೆಯೇನೋ?’

ನನ್ನ ಬಾಯಿಂದ ಆ ಪದ ಯಾವ ಹುಡುಗನ ಎದುರಿಗೂ ಅದುವರೆಗೆ ಬಂದಿರಲಿಲ್ಲ. ಮಾಲೀಕರು ನನ್ನತ್ತ ತಿರುಗಿ ನೋಡಿದರು. ಒಳಗೆ ಸದ್ದಿಲ್ಲ. ನಾನೂ ಸುಮ್ಮನಿದ್ದೆ. ಮೇಷ್ಟ್ರಿಗೆ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆವತ್ತು ಗೊತ್ತಾಯಿತು. ಆ ಮೌನದ ನಡುವೆ ಕರೆಂಟು ಹೋಯಿತು. ಸಂದಿಯ ಬೆಳಕು ಆರಿತು. ನನ್ನ ಎದೆ ಬಾಯಿಗೆ ಬಂತು.

‘ಸರ್, ಅಲ್ಲೂ ಹೋಯ್ತಾ ಕರೆಂಟು?’

ಅವನ ದನಿ. ಬಾಗಿಲಿಗೆ ಬಹಳ ಹತ್ತಿರದಲ್ಲಿ.

‘ಹೋಯ್ತು ಕಣೋ. ರೋಡಿಗೇ ಇಲ್ಲ.’

ಸ್ವಲ್ಪ ಹೊತ್ತು ಬಿಟ್ಟು, ‘ನೀವು ಕೇಳಿದ್ರಲ್ಲ, ಅದಕ್ಕೆ ಹೂಂ ಸರ್’ ಎಂದ.

ಆಮೇಲೆ ಕತ್ತಲೆಯಲ್ಲೇ ಮಾತು. ಬಾಗಿಲ ಆ ಕಡೆ ಅವನು, ಈ ಕಡೆ ನಾನು, ಇಬ್ಬರ ಬೆನ್ನೂ ಒಂದೇ ಹಲಗೆಗೆ. ಆಗಸ್ಟಿನಿಂದ ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಕಣ್ಣು ಹತ್ತಿದರೆ ಹನ್ನೊಂದಕ್ಕೆ ಎಚ್ಚರ. ನನ್ನ ಕ್ಲಾಸು ಮೊದಲನೇ ಪೀರಿಯಡ್ಡು. ಮೆಸ್ಸಿನಲ್ಲಿ ಊಟ ಮಣ್ಣು ತಿಂದ ಹಾಗೆ ಅನ್ನಿಸುತ್ತಿತ್ತು. ಎರಡು ತಿಂಗಳಿಂದ ಅಮ್ಮನ ಫೋನ್ ತೆಗೆದು ‘ಚೆನ್ನಾಗಿದೀನಿ’ ಎಂದು ಇಟ್ಟುಬಿಡುತ್ತಿದ್ದ. ನಾವೆಲ್ಲ ತಿಳಿದಿದ್ದು ಶಾರ್ಟೇಜ್ ಬಂತು, ಅದಕ್ಕೆ ಹೀಗಾದ ಎಂದು. ಕಥೆ ತಿರುಗುಮುರುಗು. ಕಾಯಿಲೆ ಮೊದಲು ಬಂದಿತ್ತು, ಶಾರ್ಟೇಜ್ ಅದರ ಹಿಂದೆ ಬಂತು. ಐವತ್ತೆಂಟು ಪರ್ಸೆಂಟ್ ಎಂಬ ಆ ಅಂಕಿ ಒಂದು ರೋಗಲಕ್ಷಣ. ಅದನ್ನು ಜ್ವರದ ಚಾರ್ಟಿನ ಹಾಗೆ ನೋಡಬೇಕಿದ್ದ ನಾನು ಅಪರಾಧಿಗಳ ಪಟ್ಟಿಯ ಹಾಗೆ ಗೋಡೆಗೆ ಅಂಟಿಸಿದ್ದೆ.

ಒಂದೂ ಕಾಲಿಗೆ ಬಾಗಿಲು ತೆಗೆದ. ನನ್ನ ಮಾತಿನ ಮಹಿಮೆ ಏನಲ್ಲ. ‘ನೀರು ಬೇಕು ಸರ್, ಕ್ಯಾನ್ ಖಾಲಿ ಆಗಿದೆ’ ಎಂದ. ಒಳಗೆ ಏನಿತ್ತು ಎಂಬುದನ್ನು ಬರೆಯುವುದಿಲ್ಲ. ಅಂಥದ್ದನ್ನು ವಿವರವಾಗಿ ಅಚ್ಚು ಹಾಕುವ ಪತ್ರಿಕೆಗಳ ಮೇಲೆ ನನಗೆ ಸಿಟ್ಟಿದೆ. ಮಾಲೀಕರು ಅದನ್ನು ಟವೆಲ್ಲಿನಲ್ಲಿ ಸುತ್ತಿ ಕೆಳಗೆ ತೆಗೆದುಕೊಂಡು ಹೋದರು, ಅಷ್ಟು ಸಾಕು. ಆ ರಾತ್ರಿ ಅವನನ್ನು ಒಬ್ಬನೇ ಬಿಡಲಿಲ್ಲ. ನಮ್ಮ ಮನೆಯ ಹಾಲ್‌ನಲ್ಲಿ ಮಲಗಿದ. ಹೆಂಡತಿ ಮೊಸರನ್ನ ಕಲಸಿ ಕೊಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಹೋದಳು.

ನನ್ನನ್ನು ಬೈದುಕೊಂಡಿದ್ದಾಯಿತು. ಇನ್ನು ಉಳಿದವರ ಸರದಿ.

ಆ ರಾತ್ರಿ ಪಿಜಿಗೆ ಬಂದ ಪೊಲೀಸಿನವರೊಬ್ಬರು ಹುಡುಗನ ಎದುರಿಗೇ ‘ಇದೆಲ್ಲ ಕೇಸ್ ಆಗುತ್ತೆ ಗೊತ್ತಾ’ ಎಂದರು. ನಾನು ಬೆವರಿದೆ. ಆಮೇಲೆ ಓದಿಕೊಂಡೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಪಟ್ಟವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಶಿಕ್ಷಿಸುವ ಹಾಗಿಲ್ಲ. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. ಆ ಪ್ರಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ನು 2024ರ ಜುಲೈ 1ರಂದು ಆ ಸಂಹಿತೆಯ ಜೊತೆಯಲ್ಲೇ ಹೋಯಿತು. ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಕೂರುವ ಮನೆಗಳು ಎಷ್ಟಿವೆಯೋ.

ಮಾರನೇ ದಿನ ಪ್ರಿನ್ಸಿಪಾಲರು ಚೇಂಬರಿಗೆ ಕರೆಸಿ ಬಾಗಿಲು ಹಾಕಿಸಿದರು. ‘ಪೇಪರಿನಲ್ಲಿ ಕಾಲೇಜಿನ ಹೆಸರು ಬರಬಾರದು. ಮನೆಯವರಿಗೆ ಹೇಳಿ ಟಿಸಿ ಕೊಡಿಸಿಬಿಡಿ.’ ಹುಡುಗ ಹೇಗಿದ್ದಾನೆ ಎಂದು ಕೇಳಲಿಲ್ಲ. ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಟಿಸಿ ಅರ್ಜಿಯನ್ನೂ ಬರೆಸಲಿಲ್ಲ.

ಸುದ್ದಿ ಮುಟ್ಟಿದಾಗ ಅವನ ಅಪ್ಪ ದಾವಣಗೆರೆ ದಾಟಿದ್ದರಂತೆ. ಗಾಡಿಯನ್ನು ಒಂದು ಢಾಬಾ ಮುಂದೆ ನಿಲ್ಲಿಸಿ ಬಸ್ಸು ಹಿಡಿದು ಬೆಳಿಗ್ಗೆ ಬಂದರು. ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬಂದು, ಮಗನ ಪಕ್ಕ ಕೂತು, ಬಹಳ ಹೊತ್ತಾದ ಮೇಲೆ ಹೇಳಿದ್ದು ಒಂದೇ ಮಾತು: ‘ನಿದ್ದೆ ಬರಲಿಲ್ಲ ಅಂದ್ರೆ ನಂಗೆ ಫೋನ್ ಮಾಡೋದಲ್ವೇನೋ ಮಗಾ. ರಾತ್ರಿಯೆಲ್ಲ ನಾನೂ ಎದ್ದೇ ಇರ್ತೀನಲ್ಲ.’

ಸೋದರಮಾವ ಬೇರೆ ಜಾತಿಯ ಪ್ರಾಣಿ. ಫೀಸು ಕಟ್ಟುತ್ತಿದ್ದವರು ಅವರು, ಹಾಗಾಗಿ ಮಾತಾಡುವ ಹಕ್ಕೂ ಅವರದೇ. ‘ತಡೆ ಒಡೆಸಿದರೆ ಸರಿಹೋಗುತ್ತೆ’ ಎಂದು ದೇವಸ್ಥಾನಕ್ಕೆ ಕರೆದೊಯ್ದರು. ಹೋಗಲಿ ಬಿಡಿ, ಅದರಿಂದ ಅಮ್ಮನಿಗೆ ಸಮಾಧಾನವಾಗಿದ್ದರೆ ಆಗಲಿ. ಆದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರು ಖಿನ್ನತೆಗೆಂದು ಬರೆದುಕೊಟ್ಟ ಮಾತ್ರೆಯನ್ನು ಒಂಬತ್ತನೇ ದಿನ ಎತ್ತಿ ಬಿಸಾಕಿದರಲ್ಲ, ಅದನ್ನು ನಾನು ಮರೆತಿಲ್ಲ. ‘ಚಟ ಆಗುತ್ತೆ, ಜೀವಮಾನವಿಡೀ ನುಂಗಬೇಕಾಗುತ್ತೆ’ ಅಂತೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅದಕ್ಕೆ ಮೊದಲು ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಇರಬಹುದು, ಕೇಳದೆ ನಿಲ್ಲಿಸಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಈ ಸಲ ಸ್ಟ್ರಿಪ್ಪನ್ನು ಅಮ್ಮ ಬೀರುವಿನಲ್ಲಿ ಬೀಗ ಹಾಕಿಟ್ಟು ದಿನಕ್ಕೊಂದು ಕೊಟ್ಟರು. ಅದೂ ಡಾಕ್ಟರೇ ಹೇಳಿದ್ದು. ಪ್ರತಿಸಲ ಜಿಲ್ಲಾಸ್ಪತ್ರೆಗೆ ಅಲೆಯಬೇಕಾಗಲಿಲ್ಲ. ‘ಮನೋಚೈತನ್ಯ’ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ ಎಂಬುದು ನನಗೆ ತಿಳಿದಿದ್ದು ಅಲ್ಲಿನ ನರ್ಸ್ ಒಬ್ಬರಿಂದ.

ಕಲಿತದ್ದೇನು ಎಂದು ಕೇಳಿದರೆ ಹೇಳುವುದಕ್ಕೆ ಹೆಚ್ಚೇನಿಲ್ಲ. ವಸ್ತುಗಳನ್ನು ಹಂಚುವ, ಲೆಕ್ಕ ಒಪ್ಪಿಸುವ, ಕಾರಣವಿಲ್ಲದೆ ಸಾರಿ ಕೇಳುವ ಹುಡುಗರಿಗೆ ಹೆಬ್ಬೆರಳು ಕಳಿಸಬೇಡಿ, ಫೋನ್ ಮಾಡಿ. ನೇರವಾಗಿ ಕೇಳಿ. ಬೆಳಗಾಗುವವರೆಗೆ ಯಾರಾದರೂ ಜೊತೆಗಿರಿ. ಶಾರ್ಟೇಜ್ ಲಿಸ್ಟು ಅಂಟಿಸುವ ಮೊದಲು ಅದರಲ್ಲಿರುವವರನ್ನು ಒಬ್ಬೊಬ್ಬರನ್ನೇ ಕರೆದು ‘ನಿದ್ದೆ ಬರ್ತಿದೆಯಾ, ಊಟ ಸೇರ್ತಿದೆಯಾ’ ಎಂದು ಕೇಳಿ. ಕಳೆದ ಸೆಮಿಸ್ಟರಿನಲ್ಲಿ ನಾನು ಕೇಳಿದೆ. ಹದಿನಾಲ್ಕು ಜನರಲ್ಲಿ ಹನ್ನೊಂದು ಜನ ಶುದ್ಧ ಸೋಮಾರಿಗಳು, ಬೈದು ಕಳಿಸಿದೆ. ಮೂವರು ಅಲ್ಲ.

ಹುಡುಗನಿಗೆ ಒಂದು ವರ್ಷ ಹೋಯಿತು. ಈಗ ತನ್ನ ಜೂನಿಯರ್‌ಗಳ ಜೊತೆ ಕೂರುತ್ತಾನೆ. ಕೆಲವು ದಿನ ಈಗಲೂ ಕೆಟ್ಟದಾಗಿರುತ್ತವೆ, ಆ ದಿನಗಳಲ್ಲಿ ಅವನೇ ಹೇಳುತ್ತಾನೆ.

ನಮ್ಮ ಕಾಲೇಜಿನಲ್ಲಿ ‘ಆಪ್ತಸಮಾಲೋಚನಾ ಕೇಂದ್ರ’ ಎಂಬ ಬೋರ್ಡು ಮೊದಲಿನಿಂದಲೂ ಇತ್ತು. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವಾರ ಬರೆಸಿದ್ದು. ಒಳಗೆ ಕೆಟ್ಟ ಪ್ರೊಜೆಕ್ಟರುಗಳು, ಹಳೆಯ ಬ್ಲೂ ಬುಕ್ಕಿನ ಕಟ್ಟುಗಳು. 2025ರ ಜುಲೈ 25ರಂದು ಸುಪ್ರೀಂ ಕೋರ್ಟು, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಕೌನ್ಸೆಲರ್ ಇರಲೇಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು, ಸಹಾಯವಾಣಿ ನಂಬರನ್ನು ದೊಡ್ಡಕ್ಷರದಲ್ಲಿ ಹಾಕಬೇಕು ಎಂದಿತು. ಆ ಆದೇಶದ ಪ್ರತಿಯನ್ನು ಅರ್ಜಿಗೆ ಪಿನ್ ಮಾಡಿ ಕೊಟ್ಟೆ. ಎರಡು ಸಲ ಕೊಟ್ಟ ಮೇಲೆ ಕೀ ಸಿಕ್ಕಿತು. ಒಂದು ಶನಿವಾರ ಅಟೆಂಡರ್ ಜೊತೆ ಸೇರಿ ಪ್ರೊಜೆಕ್ಟರುಗಳನ್ನು ಮೂಲೆಗೆ ಸರಿಸಿ ಎರಡು ಕುರ್ಚಿ ಹಾಕಿದೆ. ಗುರುವಾರ ಎರಡರಿಂದ ನಾಲ್ಕರವರೆಗೆ ಕೌನ್ಸೆಲರ್ ಬರುತ್ತಾರೆ. ಮೊದಲ ಮೂರು ಗುರುವಾರ ಒಬ್ಬರೂ ಒಳಗೆ ಕಾಲಿಡಲಿಲ್ಲ.

‘ಆ ಬೋರ್ಡು ಕಿತ್ತು ಹಾಕಿ ಸರ್, ಕ್ಯಾಂಟೀನ್ ಕ್ಯೂಗೆ ಕಾಣುತ್ತೆ’ ಎಂದ ನಮ್ಮ ಹುಡುಗ. ಕಿತ್ತು ಹಾಕಿದೆ. ಈಗ ಮಕ್ಕಳು ಆ ಕೋಣೆಯನ್ನು ಪ್ರೊಜೆಕ್ಟರ್ ರೂಮು ಅನ್ನುತ್ತಾರೆ. ‘ಪ್ರೊಜೆಕ್ಟರ್ ರೂಮಿಗೆ ಹೋಗಿ ಬರ್ತೀನಿ’ ಎಂದರೆ ಯಾರೂ ಏನೂ ಕೇಳುವುದಿಲ್ಲ. ಕೌನ್ಸೆಲರ್ ಗೌರವಧನದ ಬಿಲ್ಲು ಮಾತ್ರ ಅಕೌಂಟ್ಸ್ ಸೆಕ್ಷನ್ನಿನಲ್ಲಿ ಎರಡು ತಿಂಗಳಿಂದ ಕೂತಿದೆ. ‘ಯಾವ ಹೆಡ್ಡಿಗೆ ಹಾಕಬೇಕು ಅಂತ ಗೊತ್ತಾಗ್ತಿಲ್ಲ ಸರ್’ ಅನ್ನುತ್ತಾರೆ. ನ್ಯಾಕ್ ತಂಡದ ಬೊಕೆ ಯಾವ ಹೆಡ್ಡಿಗೆ ಹೋಗಿತ್ತೋ ಅದಕ್ಕೇ ಹಾಕಿ ಎಂದು ಬರೆದು ಕಳಿಸಿದ್ದೇನೆ.